ಲಗಮವ್ವ ಸುತ್ತಿದ ಅತಿ ಸಣ್ಣ ಮೋಟಾರು

ಮನೆಗೆ ಯಾರೇ ಬರಲಿ, ನನ್ನ ಹೆಂಡತಿ ಗೌರವ್ವ ಒಂದು ಮಾತು ಹೇಳದೆ ಬಿಡುವುದಿಲ್ಲ. "ಇವರು ಮೊಮ್ಮಕ್ಕಳಿಗಂತ ಮ್ಯಾಲಿನ ಖೋಲ್ಯಾಗ ರೈಲ್ ಮಾಡ್ಯಾರ್ರಿ. ಮೊಮ್ಮಕ್ಕಳು ಬಂದ್ರ ಮಾತ್ರ ಖೋಲಿಗಿ ಕೀಲಿ ಹಾಕ್ತಾರ." ಬಂದವರು ನಗುತ್ತಾರೆ. ನಾನು ನಗುವುದಿಲ್ಲ. ನಾಲ್ಕು ವರ್ಷದ ಮಗುವಿನ ಕೈಗೆ ಇಂಜಿನ್ ಕೊಟ್ಟು ನೋಡಿದವರಿಗೆ ನನ್ನ ಕಷ್ಟ ಗೊತ್ತಾಗುತ್ತದೆ.

ನಾನು ಉದ್ದಪ್ಪ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ಮೂರು ವರ್ಷ ದುಡಿದು, ಈಗ ಕೊಣ್ಣೂರಿನ ಸ್ವಂತ ಮನೆಯಲ್ಲಿ ಕೂತಿದ್ದೇನೆ. ಮಹಡಿಯ ಕೋಣೆಯಲ್ಲಿ ಪ್ಲೈವುಡ್ ಹಾಸಿ ಅದರ ಮೇಲೆ ಒಂದು ಬೆರಳಗಲದ ಹಳಿ ಜೋಡಿಸಿದ್ದೇನೆ. ನೀಲಿ ಬಣ್ಣ ಬಳಿದ ಘಟಪ್ರಭೆ ಇದೆ, ಅದಕ್ಕೊಂದು ಸೇತುವೆ ಇದೆ, ಕಸಬರಿಗೆಯ ಕಡ್ಡಿ ನೆಟ್ಟು ಹಸಿರು ಬಳಿದ ಕಬ್ಬಿನ ಹೊಲ ಇದೆ. ಅದರ ಸುತ್ತ ಓಡುವುದು ಗೇಣುದ್ದದ ಒಂದು ಕರಿ ಉಗಿಬಂಡಿ ಇಂಜಿನ್. ನಿವೃತ್ತಿಯ ದಿನ ಜೊತೆಯ ಕೆಲಸಗಾರರು ವರ್ಗಣಿ ಹಾಕಿ ಮುಂಬೈಯಿಂದ ತರಿಸಿಕೊಟ್ಟಿದ್ದು. ಉಗಿಬಂಡಿ ಎನ್ನುವುದು ಹೊರಗಿನ ರೂಪಕ್ಕೆ ಮಾತ್ರ. ಒಳಗಿರುವುದು ಹೆಬ್ಬೆರಳ ತುದಿಯಷ್ಟು ಒಂದು ಮೋಟಾರು.

ಇಂಥ ಇಂಜಿನ್ ಹೇಗೆ ಓಡುತ್ತದೆ ಎಂದು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಇದಕ್ಕೆ ಬ್ಯಾಟರಿ ಇಲ್ಲ. ಹಳಿಯಲ್ಲೇ ಹನ್ನೆರಡು ವೋಲ್ಟಿನ ಕರೆಂಟು ಹರಿಯುತ್ತದೆ. ಅದು ಹಳಿಯಿಂದ ಗಾಲಿಗೆ ಬರುತ್ತದೆ. ಗಾಲಿಯ ಹಿಂಬದಿಗೆ ಒಂದು ತೆಳ್ಳನೆಯ ತಾಮ್ರದ ಪಟ್ಟಿ ಸವರಿಕೊಂಡು ನಿಂತಿರುತ್ತದೆ, ಅಲ್ಲಿಂದ ಕರೆಂಟು ಮೋಟಾರಿಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿ ಕೊಳೆ ಕೂತರೂ ಗಾಡಿ ನಿಂತುಬಿಡುತ್ತದೆ. ಅದಕ್ಕೇ ವಾರಕ್ಕೊಮ್ಮೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಹಳಿ ಒರೆಸಬೇಕು, ಗಾಲಿ ಒರೆಸಬೇಕು. ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ಎತ್ತಿ ಅಚ್ಚಿಗೆ ಮುಟ್ಟಿಸಬೇಕು, ಅಷ್ಟೇ. ಹೆಚ್ಚು ಬಿಟ್ಟರೆ ಅದೇ ಧೂಳು ಹಿಡಿದು ಅಂಟಾಗುತ್ತದೆ. ಈ ಹೊರಗಿನ ಕೆಲಸವನ್ನೆಲ್ಲ ನಾನೇ ಮಾಡುತ್ತಿದ್ದೆ. ಒಳಗೆ ಕೈ ಹಾಕಲು ಹೆದರಿಕೆ. ಸಿಗ್ನಲ್ ಕಂಬ ಹತ್ತಿದ ನನ್ನ ದಪ್ಪ ಬೆರಳಿಗೆ ಆ ಸಾಸಿವೆ ಕಾಳಿನಂಥ ಸ್ಕ್ರೂ ಸಿಕ್ಕುವುದೇ ಇಲ್ಲ.

ಹೋದ ವರ್ಷ ಯುಗಾದಿಯ ಹೊತ್ತಿಗೆ ಆ ಮೋಟಾರು ಸುಟ್ಟುಹೋಯಿತು. ಕಾರಣ ಗೌರವ್ವನ ತಲೆಗೂದಲು. ಒಂದೇ ಒಂದು ಕೂದಲು ಅಚ್ಚಿಗೆ ಸುತ್ತಿ ಗಾಲಿಯನ್ನು ಹಿಡಿದುಬಿಟ್ಟಿತ್ತು. ಗಾಲಿ ತಿರುಗದಿದ್ದರೂ ನಾನು ಹಟ ಬಿಡದೆ ಕರೆಂಟು ಏರಿಸಿದೆ. ಸಣ್ಣಗೆ ಹೊಗೆ ಬಂತು. ಉಗಿಬಂಡಿಯಿಂದ ಹೊಗೆ ಬಂದರೆ ತಪ್ಪೇನು ಎಂದು ಆಕೆ ಬಾಗಿಲಲ್ಲಿ ನಿಂತು ಕೇಳಿದಳು. ಕೂದಲು ಯಾರದೆಂದು ನಾನು ಕೂಗಾಡಿದೆ. ಮುಂಬೈಯ ಅಂಗಡಿಗೆ ಫೋನ್ ಮಾಡಿದರೆ, ಆ ಮೋಟಾರು ಈಗ ಬರುವುದಿಲ್ಲ, ಎಸೆದು ಬೇರೆ ಇಂಜಿನ್ ಕೊಂಡುಕೊಳ್ಳಿ ಎಂದರು. ಮೂವತ್ಮೂರು ವರ್ಷದ ನೌಕರಿಯ ಕೊನೆಗೆ ಸಿಕ್ಕ ವಸ್ತುವನ್ನು ಎಸೆಯಿರಿ ಎನ್ನುವವನಿಗೆ ನಾನು ಏನು ಹೇಳಿದೆ ಎನ್ನುವುದನ್ನು ಇಲ್ಲಿ ಬರೆಯುವುದು ಬೇಡ.

"ಲಗಮವ್ವನ ಕಡಿ ಒಯ್ಯಿರಿ," ಎಂದಳು ಗೌರವ್ವ.

"ಆಕಿ ಬಾವಿ ಮೋಟಾರ್ ಸುತ್ತಾಕಿ. ಇದನ್ನೇನ್ ಸುತ್ತತಾಳ?"

"ಸುತ್ತಾಕ ಬರೂದಿಲ್ಲಂದ್ರ ಬರೂದಿಲ್ಲ ಅಂತ ಆಕೀನ ಹೇಳ್ತಾಳ. ನೀವ್ಯಾಕ ಹೇಳ್ತೀರಿ?"

ಕೊಣ್ಣೂರಿನ ಬಜಾರದ ಕೊನೆಯಲ್ಲಿ, ಮುತ್ತಪ್ಪ ಎನ್ನುವವನ ಜಾಗದಲ್ಲಿ ಒಂದು ತಗಡಿನ ಶೆಡ್ಡು. ಅದೇ ಲಗಮವ್ವನ ಅಂಗಡಿ. ಹತ್ತು ಹೆಜ್ಜೆ ದೂರದಿಂದಲೇ ವಾರ್ನಿಶ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಒಳಗೆ ಹೊಟ್ಟೆ ಬಿಚ್ಚಿಟ್ಟ ಪಂಪುಗಳು, ಮಿಕ್ಸರುಗಳು, ಅರಭಾವಿಯ ತೋಟಗಾರಿಕೆ ಕಾಲೇಜಿನ ಕಡೆಯಿಂದ ಬಂದ ಔಷಧ ಹೊಡೆಯುವ ಯಂತ್ರಗಳು. ನಡುವೆ ಮಣೆಯ ಮೇಲೆ ಐವತ್ತೇಳು ವರ್ಷದ ಲಗಮವ್ವ. ಸುಟ್ಟ ಮೋಟಾರಿನ ಹಳೆ ತಂತಿ ಕಿತ್ತು ಹೊಸ ತಂತಿ ಸುತ್ತುವುದು ಅವಳ ಕಸುಬು.

ಅವಳು ಕೌಜಲಗಿಯ ಕುರುಬರ ಮನೆಯ ಮಗಳು. ಶಾಲೆಗೆ ಹೋದವಳಲ್ಲ. ಸಂಜೆ ಕುರಿಗಳು ಹಟ್ಟಿಗೆ ಬರುವಾಗ ಹಟ್ಟಿಯ ಬಾಗಿಲಲ್ಲಿ ನಿಂತು ಎಣಿಸುವ ಕೆಲಸ ಅಪ್ಪ ಅವಳಿಗೆ ಕೊಟ್ಟಿದ್ದನಂತೆ. ಜೋಡಿ ಜೋಡಿಯಾಗಿ ಎಣಿಸುವುದು, ಇಪ್ಪತ್ತಾದರೆ ಒಂದು ಹರಳು ಕೆಳಗೆ ಬಿಡುವುದು. ಮೋಟಾರಿನ ಸುತ್ತನ್ನೂ ಅವಳು ಹಾಗೇ ಎಣಿಸುತ್ತಿದ್ದಳು. ಎಡಗಡೆ ಒಂದು ಬಟ್ಟಲು, ಅದರ ತುಂಬ ಹರಳು. ಇಪ್ಪತ್ತು ಸುತ್ತಾದರೆ ಒಂದು ಹರಳು ನೆಲಕ್ಕೆ. ಆಗ ಯಾರೇ ಬಂದು ಮಾತಾಡಿಸಲಿ, ಅವಳ ಲೆಕ್ಕ ತಪ್ಪುತ್ತಿರಲಿಲ್ಲ. ಮೂಡಲಗಿಯಲ್ಲಿ ಎಣಿಸುವ ಮೆಷಿನ್ ಇಟ್ಟುಕೊಂಡವರ ಅಂಗಡಿಯಿಂದಲೂ ಕಷ್ಟದ ಮೋಟಾರುಗಳು ಇಲ್ಲಿಗೇ ಬರುತ್ತಿದ್ದವು.

ಕಸುಬು ಕಲಿಸಿದವನು ಅವಳ ಗಂಡ ಕೆಂಚಪ್ಪ. ಅಂಗಡಿ ಅವನದೇ. ಆಗ ಅವಳು ತಂತಿ ಸುತ್ತಿ ಕೊಡುವುದು, ಅವನು ಹೊಲಕ್ಕೆ ಹೋಗಿ ಮೋಟಾರು ಕೂಡಿಸಿ ಬರುವುದು. ಮೋಟಾರು ಅಂಗಡಿ ಬಿಡುವ ಮುಂಚೆ ಮನೆದೇವರು ಬೀರಪ್ಪನ ಭಂಡಾರ, ಅಂದರೆ ಪೂಜೆಯ ಅರಿಸಿನ ಪುಡಿ, ಹಚ್ಚಿ ಕಳಿಸುವುದು ಅವರ ಪದ್ಧತಿ. ಹದಿನೆಂಟು ವರ್ಷದ ಹಿಂದೆ, ಬೇಸಿಗೆಯಲ್ಲಿ, ಪೈರು ಒಣಗುತ್ತಿದೆ ಎಂದು ಒಬ್ಬ ರೈತ ಅವಸರ ಮಾಡಿದ. ಭಂಡಾರದ ಡಬ್ಬಿ ಬರಿದಾಗಿತ್ತು. ಲಗಮವ್ವ ಮನೆಗೆ ಹೋಗಿ ತರುತ್ತೇನೆ ಎಂದಳು. ಕೆಂಚಪ್ಪ, "ಇರ್ಲಿ ಬಿಡ, ಬಂದಮ್ಯಾಲ ಹಚ್ಚಿದ್ರಾತು," ಎಂದು ಟೆಂಪೋದಲ್ಲಿ ಮೋಟಾರು ಹೇರಿಕೊಂಡು ಹೋದ. ಬಾವಿಯ ದಂಡೆಯಲ್ಲಿ ಕರೆಂಟು ಹಿಡಿದು ಅಲ್ಲೇ ತೀರಿಕೊಂಡ.

ಹೆಣ ಬಂದ ದಿನ ಅವಳು ಅತ್ತದ್ದು ಕಡಿಮೆ. "ನಾ ಭಂಡಾರ ಹಚ್ಚಲಿಲ್ಲ," ಎನ್ನುವ ಒಂದೇ ಮಾತನ್ನು ಹೇಳುತ್ತಿದ್ದಳು. ಕೂಡಿದವರೆಲ್ಲ ಕೇಳಿದರು. ನಾನೂ ಅಲ್ಲಿದ್ದೆ. ದೇವರಿಚ್ಛೆ ಎಂದು ಹಿರಿಯರು ಸಮಾಧಾನ ಹೇಳಿ ಎದ್ದುಹೋದರು. ಮೂರು ತಿಂಗಳಿಗೆ ಅವಳು ಅಂಗಡಿ ತೆರೆದಳು. ಅಂದಿನಿಂದ ಯಾವ ಮೋಟಾರೂ ಭಂಡಾರವಿಲ್ಲದೆ ಆ ಶೆಡ್ಡಿನ ಹೊಸ್ತಿಲು ದಾಟಿಲ್ಲ. ಅದನ್ನು ಮೇಲೆ ಹಚ್ಚುವುದಿಲ್ಲ. ಮೇಲೆ ಹಚ್ಚಿದರೆ ಒರೆಸಿಬಿಡುತ್ತಾರೆ ಎಂದು ಮುಚ್ಚಳ ತೆಗೆದು ಒಳಗೆ ಒಂದು ಚಿಟಿಕೆ ಇಟ್ಟು, ಕಣ್ಣು ಮುಚ್ಚಿ ಏನೋ ಅಂದುಕೊಂಡು, ಆಮೇಲೆ ಸ್ಕ್ರೂ ಬಿಗಿಯುವುದು. ಬಾವಿಯ ಮೋಟಾರಿಗೆ ಅದರಿಂದ ಏನೂ ಆಗುವುದಿಲ್ಲ. ಗಿರಾಕಿಗಳಿಗೂ ಅದು ಬೇಕಾಗಿತ್ತು.

ನಾನು ಇಂಜಿನ್ ಒಯ್ದಾಗ ಅವಳು ಅದನ್ನು ಅಂಗೈಯಲ್ಲಿಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸ್ಕ್ರೂ ಬಿಚ್ಚಿ ಮೋಟಾರು ಹೊರಗೆ ತೆಗೆದಳು. ಮೂರು ಹಲ್ಲಿನ ಗುಂಡು, ಅದಕ್ಕೆ ಸುತ್ತಿದ ತಂತಿ ಕೂದಲಿಗಿಂತ ಸಣ್ಣದು, ಸುಟ್ಟು ಕರಕಲಾಗಿತ್ತು.

"ಅಣ್ಣಾರ, ಇಷ್ಟ ಸಣ್ಣದು ನಾ ಎಂದೂ ಸುತ್ತಿಲ್ರಿ," ಎಂದಳು. ಆಮೇಲೆ, "ಇಟ್ಟ ಹೋಗ್ರಿ," ಎಂದಳು.

ಅಂಥ ತಂತಿ ಎಲ್ಲೂ ಸಿಕ್ಕಲಿಲ್ಲ. ನಾನೇ ಗೋಕಾಕಿನ ಗುಜರಿಯಲ್ಲಿ ಹುಡುಕಿ ಒಂದು ಹಳೇ ರಿಲೇ ತಂದುಕೊಟ್ಟೆ. ಅದರ ಸುರುಳಿ ಬಿಚ್ಚಿ ಅವಳು ಆ ತಂತಿ ತೆಗೆದುಕೊಂಡಳು. ಹಲ್ಲಿಗೆ ನೂರಾ ಅರವತ್ತು ಸುತ್ತು, ಹಲ್ಲಿಗೆ ಎಂಟು ಹರಳು. ಉಸಿರು ಜೋರಾಗಿ ಬಿಟ್ಟರೆ ತಂತಿ ಹರಿಯುತ್ತದೆ. ಎರಡು ಸಲ ಹರಿಯಿತು. ಮೂರನೇ ದಿನ ನಾನು ಹೋದಾಗ ಮೋಟಾರು ಅವಳ ಅಂಗೈಯಲ್ಲಿ ನೊಣದ ಹಾಗೆ ಗುಂಯ್‌ಗುಡುತ್ತಿತ್ತು. ಬಜಾರದವರೆಲ್ಲ ಬಂದು ನೋಡಿದರು. ಮುತ್ತಪ್ಪನೂ ಬಂದು, ಕನ್ನಡಕ ಏರಿಸಿ, ಇದು ಮನುಷ್ಯರು ಮಾಡುವ ಕೆಲಸವಲ್ಲ ಎಂದು ಹೇಳಿ ಹೋದ. ಅಷ್ಟು ವರ್ಷದಲ್ಲಿ ಲಗಮವ್ವ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಗೆ ತಂದು ಹಳಿಯ ಮೇಲಿಟ್ಟೆ. ಇಂಜಿನ್ ಚೆನ್ನಾಗಿ ಓಡಿತು. ಐದಾರು ದಿನ ಕಳೆದ ಮೇಲೆ ತಡವರಿಸತೊಡಗಿತು. ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಬೆರಳಿಂದ ನೂಕಿದರೆ ಮತ್ತೆ ಓಡುವುದು. ಹಳಿ ಒರೆಸಿದೆ, ಗಾಲಿ ಒರೆಸಿದೆ. ಎರಡು ದಿನಕ್ಕೆ ಪೂರ್ತಿ ನಿಂತಿತು. ಮತ್ತೆ ಒಯ್ದೆ. ಅವಳು ತನ್ನ ವಾಡಿಕೆಯಂತೆ ಮೊದಲು ಎಲ್ಲವನ್ನೂ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿದಳು. ಆಮೇಲೆ ಮೋಟಾರಿಗೆ ನೇರವಾಗಿ ಎರಡು ತಂತಿ ಹಿಡಿದು ನೋಡಿದಳು. ತಿರುಗಿತು. ತಾನೇ ಸುತ್ತು ತಪ್ಪಿ ಎಣಿಸಿರಬೇಕು, ಅದಕ್ಕೇ ಬಿಸಿಯಾಗಿ ನಿಲ್ಲುತ್ತಿದೆ ಎಂದು ಇನ್ನೊಮ್ಮೆ ಸುತ್ತಿ ಕೊಟ್ಟಳು. ಆರು ದಿನ ಓಡಿ ಮತ್ತೆ ನಿಂತಿತು.

ಮೂರನೇ ಸಲ ಒಯ್ದ ದಿನ ಬೆಳಗಿನಿಂದಲೇ ನನ್ನ ತಲೆ ಕೆಟ್ಟಿತ್ತು. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವಳು ಕನ್ನಡಕ ಹಾಕಿಕೊಂಡು ಇಂಜಿನ್ನನ್ನು ಬೆಳಕಿಗೆ ಹಿಡಿದಳು. ನನಗೆ ತಡೆಯಲಾಗಲಿಲ್ಲ.

"ಏನ್ ನೋಡ್ತಿ ಅದರಾಗ? ನಿನ್ನ ಕಣ್ಣೂ ಹೋಗ್ಯಾವ, ಕೈಯೂ ಹೋಗ್ಯಾವ. ಮಂದಿ ಮೋಟಾರ್ ಕೆಡಸೂದ ಬಿಟ್ಟು ಮಗಳ ಮನ್ಯಾಗ ಹೋಗಿ ಕುಂದ್ರು."

ಅವಳು ಇಂಜಿನ್ನನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮುಂದಿಟ್ಟಳು. "ಖರೆ ಐತ್ರಿ ಅಣ್ಣಾರ," ಎಂದಳು. ಎದುರಾಡಿದ್ದರೆ ನನಗೆ ಸಿಟ್ಟು ಇಳಿಯುತ್ತಿತ್ತೇನೋ. ಅವಳು ಎದುರಾಡಲಿಲ್ಲ. ಇಂಜಿನ್ ಎತ್ತಿಕೊಂಡು ಮನೆಗೆ ಬಂದೆ.

ಎಂಟು ದಿನವಾದ ಮೇಲೆ ಗೌರವ್ವ ಸಂತೆಯಿಂದ ಸುದ್ದಿ ತಂದಳು. ಚೀಲವನ್ನು ಕೆಳಗಿಡದೆಯೇ ಹೇಳಿದಳು. "ಲಗಮವ್ವ ಅಂಗಡಿ ಮುಚ್ಚತಾಳಂತ. ಅಮಾಸಿಗಿ ಶೆಡ್ ಖಾಲಿ ಮಾಡ್ತೀನಂತ ಮುತ್ತಪ್ಪಗ ಹೇಳ್ಯಾಳಂತ. ಮಗಳು ನಾಗರತ್ನಾ ಬಂದು ಹುಕ್ಕೇರಿಗಿ ಕರಕೊಂಡ ಹೋಗ್ತಾಳ."

"ಯಾಕಂತ?"

"ಬಜಾರದಾಗ ಯಾರೋ ನಿಂತು ಕೈ ಹೋಗ್ಯಾವ ಅಂದ್ರಂತ. ಯಾರು ಅನ್ನೂದು ನಿಮಗೇನರ ಗೊತ್ತೈತೇನು?"

ನಾಗರತ್ನಾ ಹುಕ್ಕೇರಿಯಲ್ಲಿ ನರ್ಸ್. ಒಳ್ಳೆಯ ಹುಡುಗಿ, ತಾಯಿಯನ್ನು ಕಣ್ಣಲ್ಲಿಟ್ಟು ನೋಡಿಕೊಳ್ಳುತ್ತಾಳೆ. ಆದರೆ ಲಗಮವ್ವ ಅಲ್ಲಿ ಏನು ಮಾಡುತ್ತಾಳೆ? ಟಿವಿ ಮುಂದೆ ಕೂತು, ತನ್ನ ಕೈ ಹೋದವೆಂದು ನಂಬಿಕೊಂಡು, ಅವುಗಳನ್ನು ಮಡಿಲಲ್ಲಿಟ್ಟುಕೊಂಡು ದಿನ ಕಳೆಯುತ್ತಾಳೆ. ಅಮಾವಾಸ್ಯೆಗೆ ಹನ್ನೊಂದು ದಿನ ಇತ್ತು.

ಸಿಗ್ನಲ್ ಕೆಲಸದಲ್ಲಿ ನಮಗೆ ಮೊದಲ ದಿನ ಕಲಿಸುವ ಪಾಠ ಒಂದೇ. ದೀಪ ಹತ್ತದಿದ್ದರೆ ದೀಪವನ್ನು ಬೈಯಬೇಡ. ಕರೆಂಟು ಹೊರಟ ಜಾಗದಿಂದ ದೀಪದವರೆಗೆ ಒಂದೊಂದು ಗಂಟನ್ನೂ ಮುಟ್ಟಿ ನೋಡುತ್ತ ಹೋಗು. ಈ ಪಾಠವನ್ನು ನಾನು ಎಷ್ಟೋ ಹೊಸಬರಿಗೆ ಬೈದು ಬೈದು ಕಲಿಸಿದ್ದೇನೆ. ಆದರೆ ಲಗಮವ್ವನ ಮುಂದೆ ನಿಂತಾಗ ಹಳಿಯಿಂದ ಮೋಟಾರಿನವರೆಗೆ ಒಂದು ಗಂಟನ್ನೂ ನಾನು ಮುಟ್ಟಿ ನೋಡಿರಲಿಲ್ಲ. ನೇರವಾಗಿ ಮನುಷ್ಯಳನ್ನು ಬೈದೆ.

ಮಾರನೆಯ ದಿನ ಮಧ್ಯಾಹ್ನ ಮಹಡಿಯ ಕೋಣೆಯಲ್ಲಿ ಬಿಳಿ ಹಾಳೆ ಹಾಸಿ, ಕರೆಂಟು ನೋಡುವ ಮೀಟರ್ ಇಟ್ಟುಕೊಂಡು ಕೂತೆ. ಗೌರವ್ವನ ಹುಬ್ಬಿನ ಚಿಮುಟ ತೆಗೆದುಕೊಂಡಿದ್ದೆ, ಕೇಳದೆ. ಹಳಿಯಲ್ಲಿ ಕರೆಂಟು ಇತ್ತು. ಗಾಲಿಯಲ್ಲೂ ಇತ್ತು. ಮೊದಲ ಬಾರಿಗೆ ಇಂಜಿನ್ನಿನ ಮೇಲಿನ ಕವಚ ಬಿಚ್ಚಿದೆ. ಒಂದು ಸ್ಕ್ರೂ ಹಾರಿ ಘಟಪ್ರಭೆಯಲ್ಲಿ ಬಿತ್ತು, ಅದನ್ನು ಹುಡುಕಲು ಅರ್ಧ ಗಂಟೆ. ಮೋಟಾರಿಗೆ ನೇರವಾಗಿ ತಂತಿ ಹಿಡಿದೆ. ಗುಂಯ್ ಎಂದಿತು. ಗಾಲಿಯಿಂದ ತಾಮ್ರದ ಪಟ್ಟಿಗೆ ಮೀಟರ್ ಹಿಡಿದೆ. ಮೀಟರಿನ ಮುಳ್ಳು ಅಲ್ಲಾಡಲಿಲ್ಲ. ದಾರಿ ಅಲ್ಲೇ ಕಡಿದಿತ್ತು. ಪಟ್ಟಿ ಗಾಲಿಯನ್ನು ಸವರುವ ಜಾಗದಲ್ಲಿ ಕಂದು ಬಣ್ಣದ ಒಂದು ಅಂಟು ಗಟ್ಟಿಯಾಗಿ ಕೂತಿತ್ತು. ಅದನ್ನು ಹಳೇ ಗ್ರೀಸ್ ಎಂದು ಯಾರಾದರೂ ಬಿಟ್ಟುಬಿಡುತ್ತಿದ್ದರು. ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒಂದು ಬದಿಯನ್ನು ಒರೆಸಿದೆ. ಹತ್ತಿ ಹಳದಿಯಾಯಿತು. ಕವಚವನ್ನು ಹಾಳೆಯ ಮೇಲೆ ತಟ್ಟಿದೆ. ಮೂಲೆಯಿಂದ ಹಳದಿ ಪುಡಿ ಉದುರಿತು.

ಕವಚದ ಒಳಗೆ ಒಂದು ಚಿಟಿಕೆ ಭಂಡಾರ ಇಟ್ಟು ಕಳಿಸಿದ್ದಾಳೆ, ಎಲ್ಲಕ್ಕೂ ಇಡುವ ಹಾಗೆ. ಇಂಜಿನ್ ಓಡುವಾಗ ಅದು ಅಲುಗಿ ಅಲುಗಿ ಕೆಳಗಿಳಿದು, ಅಚ್ಚಿನ ಎಣ್ಣೆಯಲ್ಲಿ ಕಲಸಿ, ಪಟ್ಟಿಯ ಕೆಳಗೆ ಸೇರಿಕೊಂಡು ಕರೆಂಟನ್ನು ತಡೆದಿದೆ. ಎರಡನೇ ಸಲ ನಾನು ಒಯ್ದಾಗ ಅವಳು ಮೊದಲು ಪೆಟ್ರೋಲಿನಲ್ಲಿ ತೊಳೆದಿದ್ದಾಳೆ, ದೋಷವೇ ತೊಳೆದುಹೋಗಿದೆ. ಆಮೇಲೆ ಮೋಟಾರನ್ನಷ್ಟೇ ನೋಡಿದ್ದಾಳೆ. ಅವಳು ಕಂಡ ಯಾವ ಯಂತ್ರದಲ್ಲೂ ಕರೆಂಟು ಗಾಲಿಯಿಂದ ಬಂದಿಲ್ಲ, ಹಾಗಾಗಿ ಗಾಲಿಯ ಕಡೆ ನೋಡಬೇಕೆಂದು ಅವಳಿಗೆ ಹೊಳೆಯುವುದಾದರೂ ಹೇಗೆ? ಗಾಲಿಯ ವಿಷಯ ಗೊತ್ತಿದ್ದವನು ನಾನು. ಭಂಡಾರದ ವಿಷಯವೂ ಗೊತ್ತಿದ್ದವನು ನಾನೇ. ಎರಡನ್ನೂ ಕೂಡಿಸಿ ನೋಡದೆ ಬಾಯಿ ಬಿಟ್ಟೆ.

ಕಾರಣ ಸಿಕ್ಕ ಖುಷಿ ಒಂದು ನಿಮಿಷವೂ ನಿಲ್ಲಲಿಲ್ಲ. ಇದನ್ನು ಅವಳಿಗೆ ಹೇಗೆ ಹೇಳುವುದು? ಗಂಡ ಹೋದದ್ದು ಆ ಚಿಟಿಕೆ ತಪ್ಪಿದ್ದಕ್ಕೆ ಎಂದು ನಂಬಿ ಹದಿನೆಂಟು ವರ್ಷ ಅದನ್ನು ಬಿಡದೆ ಹಚ್ಚಿದವಳಿಗೆ, ನಿನ್ನ ಭಂಡಾರವೇ ಯಂತ್ರ ಕೆಡಿಸಿತು ಎನ್ನುವುದೇ? ಹೇಳದಿದ್ದರೆ ತನ್ನ ಕೈಯನ್ನು ಬೈದುಕೊಳ್ಳುತ್ತ ಹುಕ್ಕೇರಿಯ ಬಸ್ ಹತ್ತುತ್ತಾಳೆ. ಎರಡು ದಿನ ನಾನು ಒಳಗೂ ಹೊರಗೂ ಓಡಾಡಿದೆ. ಗೌರವ್ವನಿಗೆ ಹೇಳಿದೆ. ಆಕೆ, "ಬೈಯ್ಯಾಕ ಹೋಗೂವಾಗ ಎರಡ ದಿನ ವಿಚಾರ ಮಾಡಿದ್ರೇನು?" ಎಂದು ಕೇಳಿ ರೊಟ್ಟಿ ತಟ್ಟಲು ಹೋದಳು.

ಮರುದಿನ ಹತ್ತು ಗಂಟೆಗೆ ಅಂಗಡಿಗೆ ಹೋದೆ. ಇಂಜಿನ್ನಿನ ಒಂದು ಬದಿಯನ್ನು ಒರೆಸಿ, ಇನ್ನೊಂದು ಬದಿಯ ಅಂಟನ್ನು ಹಾಗೇ ಬಿಟ್ಟಿದ್ದೆ. ದೋಷದ ಗುರುತನ್ನು ಅಳಿಸಬಾರದು ಎನ್ನುವುದೂ ಸಿಗ್ನಲ್ ಕೆಲಸದ ಪಾಠವೇ. ಜೊತೆಗೆ ಮೊಳದುದ್ದದ ಹಳಿ, ಕರೆಂಟಿನ ಡಬ್ಬಿ, ಮೀಟರ್. ಅವಳು ಇಕ್ಕಳ, ಸುತ್ತಿಗೆಗಳನ್ನು ಒಂದು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಗಿರಾಕಿಗಳು ಯಾರೂ ಇರಲಿಲ್ಲ.

"ಲಗಮವ್ವ, ಮೋಟಾರಿಗಿ ಏನೂ ಆಗಿಲ್ಲ. ನಿನ್ನ ಸುತ್ತು ಬರೋಬ್ಬರಿ ಐತಿ."

"ಸಮಾಧಾನ ಮಾಡಾಕ ಬಂದೀರೇನ್ರಿ?"

"ನನಗ ಸಮಾಧಾನ ಮಾಡಾಕ ಎಲ್ಲಿ ಬರ್ತೈತಿ? ನೋಡ ಇಲ್ಲಿ."

ಮೀಟರಿನ ಎರಡು ಮೊನೆಗಳನ್ನು ಅವಳ ಕೈಗೇ ಕೊಟ್ಟೆ. ಒರೆಸಿದ ಬದಿಯಲ್ಲಿ ಗಾಲಿಗೊಂದು, ಪಟ್ಟಿಗೊಂದು ಹಿಡಿ ಎಂದೆ. ಮುಳ್ಳು ಏರಿತು. ಒರೆಸದ ಬದಿಯಲ್ಲಿ ಹಿಡಿದಳು. ಮುಳ್ಳು ಬಿದ್ದುಕೊಂಡೇ ಇತ್ತು. ಅವಳು ಕನ್ನಡಕ ಏರಿಸಿ ಆ ಜಾಗವನ್ನು ಬಹಳ ಹೊತ್ತು ನೋಡಿದಳು. ಸೂಜಿಯಿಂದ ಸ್ವಲ್ಪ ಅಂಟು ಕೆರೆದು, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಮೂಗಿನ ಹತ್ತಿರ ಹಿಡಿದಳು. ನಾನು ಎರಡು ದಿನ ಜೋಡಿಸಿಕೊಂಡು ಬಂದ ಮಾತುಗಳು ಯಾವುದೂ ಬೇಕಾಗಲಿಲ್ಲ.

"ಭಂಡಾರ," ಎಂದಳು.

"ಹೌದು."

ಅವಳು ಬೈಯಬಹುದು, ಇಂಜಿನ್ನನ್ನು ಬಿಸಾಕಬಹುದು ಎಂದುಕೊಂಡಿದ್ದೆ. ಅವಳು ಹತ್ತಿಗೆ ಸ್ಪಿರಿಟ್ ಹಚ್ಚಿ ಆ ಬದಿಯನ್ನು ತಾನೇ ಒರೆಸಿದಳು. ಪಟ್ಟಿಯನ್ನು ಉಗುರಿನಿಂದ ಸ್ವಲ್ಪ ಬಾಗಿಸಿ ಗಾಲಿಗೆ ಸರಿಯಾಗಿ ಒರಗಿಸಿದಳು, ನನಗೆ ಅದು ಹೊಳೆದಿರಲಿಲ್ಲ. ಹಳಿಯ ಮೇಲಿಟ್ಟು ಕರೆಂಟು ಕೊಟ್ಟಳು. ಇಂಜಿನ್ ಈ ತುದಿಯಿಂದ ಆ ತುದಿಗೆ ಹೋಯಿತು, ತಡವರಿಸದೆ ಹಿಂದಕ್ಕೆ ಬಂತು. ಅವಳು ಹತ್ತಿಪ್ಪತ್ತು ಸಲ ಹಿಂದೆ ಮುಂದೆ ಓಡಿಸಿದಳು. ಮೋಟಾರಿನ ಮೇಲೆ ಬೆರಳಿಟ್ಟು ಬಿಸಿಯಾಗಿದೆಯೇ ನೋಡಿದಳು. ಆಗಿರಲಿಲ್ಲ.

"ಸುತ್ತು ಸರಿ ಐತಿ," ಎಂದಳು, ನನಗಲ್ಲ.

"ಆವತ್ತ ಅಂದದ್ದು ತಪ್ಪಾತವ್ವ," ಎಂದೆ. ಈ ಮಾತು ನನ್ನ ಬಾಯಿಂದ ಬಂದದ್ದನ್ನು ಗೌರವ್ವ ಈಗಲೂ ನಂಬುವುದಿಲ್ಲ.

ಅವಳು ಫೋನ್ ತೆಗೆದು ಮುತ್ತಪ್ಪನಿಗೆ ಹಚ್ಚಿದಳು. "ಮುತ್ತಪ್ಪಣ್ಣಾರ, ಶೆಡ್ ಯಾರಿಗೂ ಕೊಡಬ್ಯಾಡ್ರಿ. ಹೌದ್ರಿ. ನಾ ಎಲ್ಲಿಗೂ ಹೋಗಾಕತ್ತಿಲ್ಲ." ಆಮೇಲೆ ಗೋಣಿಚೀಲದ ಬಾಯಿ ಬಿಚ್ಚಿ ಇಕ್ಕಳಗಳನ್ನು ಒಂದೊಂದಾಗಿ ಗೋಡೆಯ ಮೊಳೆಗೆ ತೂಗುಹಾಕಿದಳು. ಬಂದ ಕೆಲಸ ಮುಗಿಯಿತೆಂದು ಇಂಜಿನ್ನಿನ ಕವಚ ಮುಚ್ಚಲು ಕೈ ಚಾಚಿದೆ. ಅವಳು ಅದನ್ನು ತನ್ನ ಕೈಯಲ್ಲೇ ಹಿಡಿದುಕೊಂಡಿದ್ದಳು.

"ಅಣ್ಣಾರ, ಒಂದ ಮಾತು ಕೇಳ್ತೀನಿ. ಖರೆ ಹೇಳ್ರಿ."

"ಕೇಳವ್ವ."

"ಭಂಡಾರ ಹಚ್ಚಿದ್ದಕ್ಕ ಇದು ನಿಂತಿತು. ಹಚ್ಚಲಾರದ್ದಕ್ಕ ಅವರು ಹೋದ್ರು ಅಂತ ನಾ ತಿಳಕೊಂಡೀನಿ. ಅವತ್ತ ಹಚ್ಚಿ ಕಳಿಸಿದ್ರ ಅವರು ಉಳೀತಿದ್ರೇನ್ರಿ?"

ಇದನ್ನು ನಾನು ಎಣಿಸಿರಲಿಲ್ಲ. ಎರಡು ದಿನ ಯೋಚಿಸಿದವನಿಗೂ, ಅವಳು ಇಲ್ಲಿಗೆ ಬಂದು ನಿಲ್ಲುತ್ತಾಳೆ ಎಂದು ಹೊಳೆಯಲಿಲ್ಲ. ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾದುಹೋಯಿತು. ಅದರ ಸದ್ದು ಮುಗಿಯುವವರೆಗೆ ನನಗೆ ಸಮಯ ಸಿಕ್ಕಿತು. ಸುಳ್ಳು ಹೇಳಬಹುದಿತ್ತು. ಅದು ನನಗೇನು ಗೊತ್ತು ಎನ್ನಬಹುದಿತ್ತು.

"ಉಳೀತಿರಲಿಲ್ಲ," ಎಂದೆ. "ಅಲ್ಲಿ ಸ್ಟಾರ್ಟರ್ ಡಬ್ಬ್ಯಾಗ ತಂತಿ ಸುಲದು ಡಬ್ಬಿಗಿ ತಾಗಿತ್ತು. ಅರ್ಥಿಂಗ್ ತಂತೀನ ಇರಲಿಲ್ಲ. ಕೆಂಚಪ್ಪ ಡಬ್ಬಿ ಮುಟ್ಟಿದ. ನಿನ್ನ ಮೋಟಾರ್‌ಮಟಾ ಕರೆಂಟ್ ಬಂದ ಇರಲಿಲ್ಲವ್ವ."

ಅವಳು ಕವಚದ ಮೂಲೆಯಲ್ಲಿ ಉಳಿದಿದ್ದ ಪುಡಿಯನ್ನು ನೋಡುತ್ತಿದ್ದಳು.

"ನಿಮಗ್ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಮೂರನೇ ದಿನ ನಾನ ಹೋಗಿ ನೋಡಿ ಬಂದೆ."

ಹೌದು, ಹೋಗಿದ್ದೆ. ಕರೆಂಟಿನ ಸಾವು ಎಂದರೆ ಕಾರಣ ನೋಡದೆ ನನಗೆ ನಿದ್ದೆ ಬರುವುದಿಲ್ಲ, ಅದು ಕೆಲಸದಿಂದ ಬಂದ ಚಟ. ನೋಡಿದೆ, ಕಾರಣ ಸಿಕ್ಕಿತು, ಸಮಾಧಾನವಾಯಿತು, ಮನೆಗೆ ಬಂದೆ. ಆ ರೈತನಿಗೆ ಬೈದು ಹೊಸ ಅರ್ಥಿಂಗ್ ಹಾಕಿಸಿದೆ ಕೂಡ. ಲಗಮವ್ವನಿಗೆ ಹೇಳಲಿಲ್ಲ. ಮೋಟಾರಿನ ಕೆಲಸದವಳು, ಅವಳಿಗೆ ಗೊತ್ತಿರುತ್ತದೆ ಎಂದುಕೊಂಡೆ. ಅವಳ ದೇವರ ವಿಷಯದಲ್ಲಿ ನಾನೇಕೆ ಬಾಯಿ ಹಾಕಲಿ ಎಂದುಕೊಂಡೆ. ಆಮೇಲೆ ಮರೆತೆ. ಮರೆತದ್ದೇ ನಿಜ, ಉಳಿದವೆಲ್ಲ ಈಗ ಹುಡುಕಿಕೊಂಡ ಮಾತುಗಳು. ಹೊಸ ಮೋಟಾರಿನ ಮುಚ್ಚಳ ತೆಗೆದು ಅವಳು ಕಣ್ಣು ಮುಚ್ಚಿ ಭಂಡಾರ ಇಡುವುದನ್ನು ನೂರು ಸಲ ನೋಡಿದ್ದೇನೆ. ಭಕ್ತಿ ಎಂದುಕೊಂಡಿದ್ದೆ. ಅದು ಕ್ಷಮೆ ಕೇಳುವುದು ಎಂದು ನನಗೆ ತಿಳಿಯಲಿಲ್ಲ.

ಅವಳು ಅಳಲಿಲ್ಲ. ಅತ್ತಿದ್ದರೆ ಎದ್ದು ಹೊರಗೆ ಹೋಗಬಹುದಿತ್ತು. ಕವಚವನ್ನು ಇಂಜಿನ್ನಿನ ಮೇಲಿಟ್ಟು, ಸಣ್ಣ ಸ್ಕ್ರೂ ಒಂದೊಂದನ್ನೂ ಹುಡುಕಿ ಬಿಗಿದು, ನನ್ನ ಕೈಗೆ ಕೊಟ್ಟಳು. ಆಮೇಲೆ ಮೊದಲ ಸಲ ಮುಖ ಎತ್ತಿ ನನ್ನನ್ನು ನೋಡಿದಳು.

"ಹದಿನೆಂಟ ವರ್ಷ ಆತ್ರಿ. ನೀವು ದಿನಾ ಡ್ಯೂಟಿ ಮುಗಿಸ್ಕೊಂಡು ಇದ ಹಾದೀಲೆ ಹೋಗ್ತಿದ್ರಿ."

"ಹೌದವ್ವ," ಎಂದೆ.

ದಿನಾ ಹೋಗುತ್ತಿದ್ದೆ. ಬೇಸಿಗೆಯಲ್ಲಿ ಎಷ್ಟೋ ಸಲ ಈ ಬಾಗಿಲಲ್ಲೇ ಸೈಕಲ್ ನಿಲ್ಲಿಸಿ, ಅವಳು ಕೊಟ್ಟ ನೀರು ಕುಡಿದು ಹೋಗಿದ್ದೇನೆ.